ಬಿರಡೆ ನಿಲ್ಲುವವರೆಗೆ

ಸೆಪ್ಟೆಂಬರ್ ೯, ಮಂಗಳವಾರ

ಇವತ್ತೂ ಬೆಲ್‌ಗಿಂತ ಮುಂಚೆಯೇ ಎಚ್ಚರ. ಬೆಲ್ ಅಂದರೆ ಕಾರಿಡಾರಿನ ತುದಿಯಲ್ಲಿ ನೇತಾಡುವ ಕಬ್ಬಿಣದ ತಟ್ಟೆ. ವಾರ್ಡನ್ ಮೇಡಂ ಅದಕ್ಕೆ ಮರದ ಸುತ್ತಿಗೆಯಲ್ಲಿ ಬಾರಿಸುತ್ತಾರೆ. ಅವರ ಚಪ್ಪಲಿ ಸದ್ದು ಕೇಳುವುದಕ್ಕೂ ಮೊದಲೇ ನನ್ನ ಹೊಟ್ಟೆಗೆ ವಿಷಯ ತಿಳಿದಿರುತ್ತದೆ, ಹಿಂಡಲು ಶುರುಮಾಡುತ್ತದೆ. ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು ನಾನು. ಕ್ಯೂನಲ್ಲಿ ನಿಲ್ಲುವುದು, ಬಟ್ಟೆಗೆ ನಂಬರ್ ಹೊಲಿಯುವುದು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು, ಎಲ್ಲದರಲ್ಲೂ ಎಕ್ಸ್‌ಪರ್ಟ್. ಆದರೂ ಕಾಲೇಜಿಗೆ ಬಂದ ಮೇಲೆ ಹೊಟ್ಟೆ ಮಾತು ಕೇಳುತ್ತಿಲ್ಲ. ಮಂಚದ ಕೆಳಗಿನ ಬ್ಯಾಗನ್ನು ಇನ್ನೂ ಖಾಲಿ ಮಾಡಿಲ್ಲ. ಬೇಕಾದ್ದು ತೆಗೆದುಕೊಂಡು ಮತ್ತೆ ಜಿಪ್ ಎಳೆದುಬಿಡುತ್ತೇನೆ. ಹೊರಡಬೇಕು ಅನ್ನಿಸಿದ ದಿನ ಹೊರಡಬಹುದಲ್ಲ.

ಇವತ್ತಿನಿಂದ ಮ್ಯೂಸಿಕ್ ಕ್ಲಾಸ್. ನಾನು ಈ ಕಾಲೇಜಿನಲ್ಲಿ ಕಾಯುತ್ತಿದ್ದದ್ದು ಇದೊಂದಕ್ಕೇ. ಸ್ಕೂಲಿನಲ್ಲಿ ಪಿಟೀಲು ಕಲಿತಿದ್ದೆ. ವಾದ್ಯ ಸ್ಕೂಲಿನದು, ಬಿಡುವಾಗ ವಾಪಸ್ ಕೊಟ್ಟು ಬಂದೆ. ಅದು ಕೈಯಲ್ಲಿದ್ದಾಗ ಮಾತ್ರ ನನ್ನ ಹೊಟ್ಟೆ ತೆಪ್ಪಗಿರುತ್ತಿತ್ತು.

ಆದರೆ ಐಡಿ ಕಾರ್ಡಿನ ಕ್ಯೂ ಅನ್ನೇ ಮ್ಯೂಸಿಕ್ ಕ್ಯೂ ಅಂದುಕೊಂಡು ನಿಂತಿದ್ದೆ. ಸ್ಟುಪಿಡ್. ಹೋಗುವಷ್ಟರಲ್ಲಿ ಏಳು ಪಿಟೀಲು ಏಳು ಜನರ ಕೈಯಲ್ಲಿದ್ದವು. ಎಂಟನೆಯವಳು ನಾನು.

"ನೀನು ಕೂತು ಕೇಳಮ್ಮ, ಕೇಳೋದೂ ಕಲಿಕೆನೇ," ಅಂದರು ಮೇಷ್ಟ್ರು. ಅವರು ಕೂರುವ ಸ್ಟೂಲು ಕುಂಟು. ಅವರು ಒಂದು ಮಾತಾಡಿದರೆ ಅದೂ ಟಕ್ ಅಂತ ಒಂದು ಮಾತಾಡುತ್ತದೆ.

"ಸಾರಿ ಸರ್," ಅಂದೆ. ಯಾಕೆ ಸಾರಿ? ಪಿಟೀಲು ಕಡಿಮೆ ಬಿದ್ದದ್ದು ನನ್ನ ತಪ್ಪಾ?

ಬೀರುವಿನ ಮೇಲೆ ಇನ್ನೊಂದು ಪೆಟ್ಟಿಗೆ ಕಂಡಿತು. ಅದೇನು ಸರ್ ಎಂದು ಕೇಳಿದೆ.

"ಅದು ಪಿಟೀಲಲ್ಲ, ಪಿಟೀಲಿನ ಹೆಣ," ಅಂದು ಇಳಿಸಿ ತೋರಿಸಿದರು. ಮೈ ಜೇನಿನ ಬಣ್ಣ, ಒಂದು ಬಿರುಕೂ ಇಲ್ಲ. ತಂತಿಗಳು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿವೆ. ಇಲ್ಲದಿರುವುದು ಬಿರಡೆ ಮಾತ್ರ. ತಲೆಯ ಹತ್ತಿರ ತಂತಿ ಸುತ್ತಿ ಬಿಗಿಯುತ್ತಾರಲ್ಲ, ಆ ನಾಲ್ಕು ಮರದ ಕೀಲು. ಒಂದೂ ಇಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ತೂತುಗಳು.

"ಅಂಗಡಿ ಬಿರಡೆ ಇದಕ್ಕೆ ಕೂರಲ್ಲ. ತೂತು ಸವೆದು ಒಂದೊಂದು ಒಂದೊಂದು ಸೈಜು. ನವೆಂಬರ್ ಎಂಟಕ್ಕೆ ಗುಜರಿ ಗಾಡಿ ಬರುತ್ತೆ, ಹಳೇ ಕುರ್ಚಿ ಜೊತೆ ಇದೂ ಹೋಗುತ್ತೆ. ಅವತ್ತೇ ನಿಮ್ಮ ಟೆಸ್ಟು. ವಾದ್ಯ ಹಿಡಿದು ನುಡಿಸಿದವರು ಕ್ಲಾಸಲ್ಲಿ ಉಳೀತಾರೆ. ಉಳಿದವರು ಮುಂದಿನ ವರ್ಷ ನೋಡೋಣ."

"ಬಿರಡೆ ನಾನು ಮಾಡ್ತೀನಿ ಸರ್." ಈ ಮಾತು ಯಾರ ಬಾಯಿಂದ ಬಂತು ಅಂತ ನಾನೇ ತಿರುಗಿ ನೋಡುವಂತಾಯಿತು.

ಕ್ಲಾಸು ಪೂರ್ತಿ ನಕ್ಕಿತು. ಮೇಷ್ಟ್ರು ನಗಲಿಲ್ಲ, ಸ್ಟೂಲು ಟಕ್ ಅಂದಿತು. "ಮಾಡು. ಬೇಡ ಅಂದವರು ಯಾರು? ಆಗಲ್ಲ, ಅಷ್ಟೇ."

ಆ 'ಅಷ್ಟೇ' ಇನ್ನೂ ಕಿವಿಯಲ್ಲಿ ಕೂತಿದೆ, ಸ್ನಾನ ಮಾಡುವಾಗ ಹೋದ ನೀರಿನ ಹಾಗೆ.

ಸೆಪ್ಟೆಂಬರ್ ೧೧, ಗುರುವಾರ

ರೂಮ್‌ಮೇಟ್‌ಗೆ ಫ್ಲೋರಿನಲ್ಲಿ ಎಲ್ಲರೂ ರೇಡಿಯೋ ಅನ್ನುತ್ತಾರೆ. ಆಫ್ ಮಾಡುವ ಬಟನ್ ಇಲ್ಲ. ಅವಳು ನನಗಿಟ್ಟ ಹೆಸರು ಸಾರಿ. "ಕಾಲು ತಾಗಿದ್ದಕ್ಕೆ ಮಂಚಕ್ಕೂ ಸಾರಿ ಹೇಳಿದ ಹುಡುಗಿ ಕಣ್ರೇ ಇವಳು," ಎಂದು ಮೆಸ್ಸಿನಲ್ಲಿ ಎಲ್ಲರಿಗೂ ಪರಿಚಯ ಮಾಡಿಕೊಟ್ಟಿದ್ದಾಳೆ. ಅದಕ್ಕೇ ನಾನು ಎಲ್ಲರೂ ಉಂಡು ಎದ್ದ ಮೇಲೆ ಊಟಕ್ಕೆ ಹೋಗುತ್ತೇನೆ.

ಮೇಷ್ಟ್ರನ್ನು ಕೇಳಿ ನಾನು ರೂಮಿಗೆ ತಂದಿಟ್ಟಿದ್ದ ಪೆಟ್ಟಿಗೆ ನೋಡಿ, "ಇದಕ್ಕೆ ಏನೇನು ಬೇಕು?" ಅಂದಳು.

"ಬಿರಡೆ ಒಂದು ಕಡೆ ದಪ್ಪ, ಹೋಗ್ತಾ ಹೋಗ್ತಾ ಸಣ್ಣ. ತುಂಬಾ ಸ್ವಲ್ಪ ಸ್ವಲ್ಪವೇ ಸಣ್ಣ ಆಗ್ಬೇಕು. ಉಜ್ಜೋಕೆ ಏನಾದ್ರೂ ಇದ್ಯಾ? ಸಾರಿ, ಕೇಳ್ತಿದ್ದೀನಿ ಅಂತ..."

ತನ್ನ ನೇಲ್ ಫೈಲ್ ಎಸೆದಳು. "ಇಟ್ಕೋ. ನಿನಗಂತೂ ಬೇರೆ ಉಪಯೋಗ ಇಲ್ಲ. ಉಗುರಿದ್ರೆ ತಾನೆ?"

ನಿಜ. ಕಚ್ಚಿ ಕಚ್ಚಿ ಬೆರಳ ತುದಿಗಳೆಲ್ಲ ಸಿಪ್ಪೆ ಸುಲಿದ ಕಾಳಿನ ಹಾಗಿವೆ. ಕೈ ಹಿಂದೆ ಮಾಡಿಕೊಂಡೆ.

ಮೊದಲ ಪ್ರಯೋಗ: ಮುರಿದ ಪೊರಕೆ ಹಿಡಿಯನ್ನು ಪೆನ್ಸಿಲ್ ಶಾರ್ಪ್‌ನರಿನಲ್ಲಿ ತಿರುಗಿಸಿದೆ. ಬಂದದ್ದು ಬಿರಡೆಯಲ್ಲ, ಈಟಿ. "ಜಿರಳೆ ಬೇಟೆಗೆ ಸರಿ," ಅಂದಳು ರೇಡಿಯೋ.

ಸೆಪ್ಟೆಂಬರ್ ೧೪, ಭಾನುವಾರ

ಶಾರ್ಪ್‌ನರಿನ ಸ್ಕ್ರೂ ಬಿಚ್ಚಿ ಬ್ಲೇಡನ್ನು ಹೊರಗೆ ತೆಗೆದೆ. ಹಳೆಯ ಟೂತ್‌ಬ್ರಷ್ ಹಿಡಿಯ ತುದಿಯನ್ನು ಸೀಳಿ, ಅದರೊಳಗೆ ಬ್ಲೇಡ್ ಸಿಕ್ಕಿಸಿ ದಾರ ಸುತ್ತಿದೆ. ಉಳಿಯಾಯಿತು. ಲ್ಯಾಬಿನಲ್ಲಿ ಒಡೆದು ಕಸದ ಡಬ್ಬಿ ಸೇರಿದ್ದ ಮೈಕ್ರೋಸ್ಕೋಪ್ ಸ್ಲೈಡು ತಂದೆ. ಗಾಜಿನ ಅಂಚನ್ನು ಮರದ ಮೇಲೆ ಎಳೆದರೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಎದ್ದು ಬರುತ್ತದೆ. ಸೈಕಲ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಮುರಿದ ಚಕ್ರದ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಮೆಟ್ಟಿಲಿಗೆ ಉಜ್ಜಿ ಚೂಪು ಮಾಡಿದೆ. ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ತಿರುಗಿಸಿದರೆ ತಂತಿ ತೂರಿಸುವ ಸಣ್ಣ ತೂತು ಕೊರೆಯುತ್ತದೆ. ಬಟ್ಟೆ ಸುತ್ತಿದ ಗರಗಸದ ತುಂಡು ಒಂದು. ಇಷ್ಟೇ ನನ್ನ ವರ್ಕ್‌ಶಾಪ್. ಶೂ ಬಾಕ್ಸಿನಲ್ಲಿ ಹಿಡಿಯುತ್ತದೆ.

ಮನೆಗೆ ಫೋನ್ ಮಾಡಿದೆ. ಅಮ್ಮ ಎಂದಿನ ಹಾಗೆ, "ಊಟ ಆಯ್ತಾ, ಹೊಟ್ಟೆ ಹೇಗಿದೆ, ವಾಪಸ್ ಬರ್ತೀನಿ ಅಂತ ಅಳ್ಬೇಡ," ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಮ್ಮನ ತಮ್ಮ ಬಂದಿದ್ದ, ಹಲ್ಲು ಮಾಮ. ಡೆಂಟಲ್ ಲ್ಯಾಬಿನಲ್ಲಿ ಕಟ್ಟುವ ಹಲ್ಲಿನ ಸೆಟ್ ಮಾಡುವುದು ಅವನ ಕೆಲಸ. ಫೋನ್ ಕಿತ್ತುಕೊಂಡ. ಬಿರಡೆ ವಿಷಯ ಹೇಳಿದೆ.

"ಮಾಮ, ಪ್ಲೀಸ್, ನಗಬೇಡ."

"ನಗೋದು ನನ್ನ ಬಿಸಿನೆಸ್ಸಿನ ಅಡ್ವರ್ಟೈಸ್‌ಮೆಂಟು ಕಣೇ. ನಗದೆ ಇರೋಕಾಗುತ್ತಾ? ಸರಿ ಹೇಳು, ನಾಲ್ಕೂ ಒಂದೇ ಸೈಜ್ ಮಾಡ್ತಿದ್ದೀಯಾ?"

"ಹೂಂ."

"ಅಲ್ಲೇ ಕೆಡ್ತು. ಒಬ್ಬರ ಹಲ್ಲು ಇನ್ನೊಬ್ಬರಿಗೆ ಕೂರುತ್ತಾ? ಒಂದೊಂದು ತೂತಿಗೂ ಬೇರೆ ಅಳತೆ ತಗೋ. ಪೇಪರನ್ನ ಕಡಲೆಕಾಯಿ ಪೊಟ್ಟಣದ ತರ ಸುತ್ತಿ ಒಳಗೆ ಬಿಡು, ತಾನಾಗೇ ಅರಳಿ ಗೋಡೆಗೆ ಅಂಟುತ್ತೆ. ಅಲ್ಲೇ ಟೇಪ್ ಹಾಕಿ ಎಳ್ಕೋ. ಅದೇ ನಿನ್ನ ಅಚ್ಚು. ಆಮೇಲೆ ತೂತಿನ ಒಳಗೆ ಬಣ್ಣದ ಚಾಕ್‌ಪೀಸ್ ಸವರಿ ಬಿರಡೆ ತಿರುಗಿಸು. ಎಲ್ಲಿ ಬಣ್ಣ ಹತ್ತುತ್ತೋ ಅಲ್ಲಿ ಉಬ್ಬು. ಅಲ್ಲಿ ಮಾತ್ರ ಉಜ್ಜು. ನಾವು ಪೇಷಂಟಿಗೆ ಬಣ್ಣದ ಕಾಗದ ಕಚ್ಚಿಸ್ತೀವಲ್ಲ, ಅದೇ ಟೆಕ್ನಿಕ್."

ಅಮ್ಮ ಹಿಂದಿನಿಂದ, "ಓದೋ ಹುಡುಗಿಗೆ ಏನು ಹೇಳಿಕೊಡ್ತಿದ್ದೀಯೋ!" ಅಂದಳು.

ಸೆಪ್ಟೆಂಬರ್ ೨೦, ಶನಿವಾರ

ಕಾಂಪೌಂಡಿನ ಬೇಲಿ ಗಿಡ ಕತ್ತರಿಸುತ್ತಿದ್ದರು. ಹೆಬ್ಬೆರಳು ದಪ್ಪದ ನೇರ ಕೊಂಬೆಗಳು. ಸಿಪ್ಪೆ ಸುಲಿದರೆ ಒಳಗೆ ಬೆಣ್ಣೆಯ ಬಣ್ಣ. ಉಳಿಯೂ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಇಷ್ಟು ಸುಲಭವಾದದ್ದಕ್ಕೆ ಎಲ್ಲರೂ ಆಗಲ್ಲ ಆಗಲ್ಲ ಎನ್ನುತ್ತಿದ್ದರಲ್ಲ! ಮಧ್ಯಾಹ್ನದೊಳಗೆ ಒಂದು ಬಿರಡೆ ರೆಡಿ. ಹಿಡಿಯುವ ತಲೆ ಸೊಟ್ಟ, ಇರಲಿ. ತೊಡೆ ಮೇಲೆ ಹಾಸಿಕೊಳ್ಳಲು ಬ್ಯಾಗಿನಿಂದ ಹಳೆಯ ಟವೆಲ್ ತೆಗೆದೆ.

ಸೆಪ್ಟೆಂಬರ್ ೨೮, ಭಾನುವಾರ

ನಾಲ್ಕೂ ಕೂತವು!!

ಒಂದೊಂದರ ತಲೆಗೂ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟಿದ್ದೇನೆ, ಯಾವುದು ಯಾವ ತೂತಿನದು ಎಂದು ತಿಳಿಯಲು. ಮಾಮನ ಚಾಕ್‌ಪೀಸ್ ಟೆಕ್ನಿಕ್ ಬ್ರಿಲಿಯಂಟ್. ಮೊದಮೊದಲು ಒಂದೇ ಕಡೆ ನೀಲಿ ಹತ್ತುತ್ತಿತ್ತು. ಅಲ್ಲಿ ಉಜ್ಜಿದರೆ ಇನ್ನೊಂದು ಕಡೆ. ಅಲ್ಲಿ ಉಜ್ಜಿದರೆ ಮತ್ತೆ ಮೊದಲನೆಯ ಕಡೆ. ಅತ್ತೆ-ಸೊಸೆ ಜಗಳ ಬಿಡಿಸಿದ ಹಾಗೆ. ಕೊನೆಗೆ ಇವತ್ತು ಸುತ್ತಲೂ ಒಂದೇ ಸಮ ನೀಲಿ ಉಂಗುರ ಬಂತು. ತಂತಿ ಸುತ್ತಿ ಬಿಗಿದೆ. ಬಿಗಿಯುತ್ತಾ ಹೋದ ಹಾಗೆ ಸ್ವರ ಏರುತ್ತಾ ಹೋಯಿತು. ನಿಲ್ಲಬೇಕಾದಲ್ಲಿ ನಿಂತಿತು. ಪೆಟ್ಟಿಗೆಯಲ್ಲಿದ್ದ ಕಮಾನು ಎಳೆದೆ. ಹೆಣ ಮಾತಾಡಿತು.

ರೇಡಿಯೋ ಮಂಚದಿಂದ ಇಳಿದು ಬಂದು ನಾಲ್ಕೂ ಬಿರಡೆ ಮುಟ್ಟಿ ನೋಡಿದಳು. ಆಮೇಲೆ, "ಸಾರಿ, ನೀನು ಡೇಂಜರ್ ಕಣೇ," ಅಂದಳು.

ಮುಂದಿನ ಶುಕ್ರವಾರ ಮೇಷ್ಟ್ರಿಗೆ ತೋರಿಸುತ್ತೇನೆ. ಅವರ 'ಅಷ್ಟೇ'ಯನ್ನು ಅವರಿಗೇ ವಾಪಸ್ ಕೊಡುತ್ತೇನೆ. ಒಂದು ಗಟ್ಟಿ ವಾಕ್ಯ ರೆಡಿ ಮಾಡಿ ಬಾತ್‌ರೂಮಿನಲ್ಲಿ ಪ್ರಾಕ್ಟೀಸ್ ಕೂಡ ಮಾಡಿದೆ.

ಅಕ್ಟೋಬರ್ ೩, ಶುಕ್ರವಾರ

ಬರೆಯುವುದಿಲ್ಲ ಅಂದುಕೊಂಡಿದ್ದೆ.

ಮೇಷ್ಟ್ರ ಮುಂದೆ ಒಂದನೇ ತಂತಿ ಬಿಗಿದೆ. ಟರ್ರ್ ಎಂದು ತಾನೇ ಬಿಚ್ಚಿಕೊಂಡಿತು. ಎರಡನೆಯದು ಅರ್ಧ ಸುತ್ತಿಗೆ ಗಟ್ಟಿ, ಇನ್ನರ್ಧ ಸುತ್ತಿಗೆ ಸಡಿಲ. ಮೂರನೆಯದು ಕೈಗೇ ಬಂತು. ಯಾವುದೋ ಹುಡುಗ ಬಾಯಲ್ಲಿ ಆ ಟರ್ರ್ ಸದ್ದು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಪ್ರಾಕ್ಟೀಸ್ ಮಾಡಿದ್ದ ವಾಕ್ಯದ ಬದಲು ಬಂದದ್ದು ಸಾರಿ, ಸಾರಿ ಸರ್, ಸಾರಿ.

ಮೇಷ್ಟ್ರು ಬೈಯಲೂ ಇಲ್ಲ. "ಪೆಟ್ಟಿಗೆ ಅಲ್ಲೇ ಇಟ್ಟುಬಿಡು," ಅಂದರು.

ಇಡಲಿಲ್ಲ. ರೂಮಿಗೆ ತಂದೆ. ಯಾಕೆ ತಂದೆನೋ.

ಅಕ್ಟೋಬರ್ ೪, ಶನಿವಾರ

ರೂಮ್ ಚೆಕಿಂಗ್. ವಾರ್ಡನ್ ಮೇಡಂ ಶೂ ಬಾಕ್ಸ್ ತೆರೆದರು. ಬ್ಲೇಡು, ಗಾಜು, ಗರಗಸ, ಚೂಪು ಕಡ್ಡಿ. "ಇದೇನು ರೂಮಾ, ಕಳ್ಳರ ಗುಹೆನಾ?" ಬಾಕ್ಸ್ ಹೊತ್ತುಕೊಂಡು ಹೋದರು. ರೂಲ್ ಬೋರ್ಡಿನ ಐದನೇ ಸಾಲನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ರೂಮಿನಲ್ಲಿ ಚೂಪಾದ ವಸ್ತುಗಳನ್ನು ಇಡಬಾರದು. ಕಾರಿಡಾರಿನ ಬಾಗಿಲುಗಳಿಂದೆಲ್ಲ ತಲೆಗಳು.

ಬ್ಯಾಗ್ ಎಳೆದೆ. ಟವೆಲ್ ಮಡಚಿ ಒಳಗೆ ಹಾಕಿದೆ.

ಅಕ್ಟೋಬರ್ ೫, ಭಾನುವಾರ

ಹೊಟ್ಟೆ.

ಅಕ್ಟೋಬರ್ ೧೦, ಶುಕ್ರವಾರ

ಕ್ಲಾಸಿಗೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡು ಹೋಗು ಎಂದು ಹೇಳಲು ಅಮ್ಮನಿಗೆ ಫೋನ್ ಮಾಡಿದೆ. ಎತ್ತಿದ್ದು ಮಾಮ.

"ಏನಾಯ್ತು ಬಿರಡೆ?"

ಅಳುತ್ತಾ ಎಲ್ಲ ಹೇಳಿದೆ. ಕೂತಿತ್ತು ಮಾಮ, ನೀಲಿ ಉಂಗುರ ಬಂದಿತ್ತು, ನನ್ನ ಕಣ್ಣಾರೆ ನೋಡಿದೆ, ವಾರದಲ್ಲಿ ಎಲ್ಲ ಕೆಟ್ಟುಹೋಯ್ತು.

"ಯಾವ ಮರ?"

"ಬೇಲಿ ಗಿಡದ್ದು. ಅವತ್ತೇ ಕಡಿದಿದ್ರು."

ಆ ಕಡೆಯಿಂದ ಹೋ ಎಂದು ನಗು. ನಿಲ್ಲಿಸಲೇ ಇಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅಳು ನಿಂತುಹೋಯಿತು.

"ಅಲ್ವೇ ದಡ್ಡಿ, ಹಲ್ಲು ಕಿತ್ತ ದಿನವೇ ಯಾರಾದ್ರೂ ಸೆಟ್ ಕೂರಿಸ್ತಾರಾ? ಅವತ್ತು ಬಾಯಿಗೆ ಏಕ್ದಂ ಫಿಟ್ಟು. ವಸಡು ಒಣಗಿ ಇಳಿದ ಮೇಲೆ ಮಾತಾಡಿದ್ರೆ ಸೆಟ್ಟು ಎದುರಿಗಿರೋರ ಮಡಿಲಿಗೆ. ಹಸಿ ಮರ ಒಣಗ್ತಾ ಕುಗ್ಗುತ್ತೆ. ಅದೂ ಎಲ್ಲಾ ಕಡೆ ಸಮ ಕುಗ್ಗಲ್ಲ. ನಿನ್ನ ಬಿರಡೆ ಈಗ ದುಂಡಗಿಲ್ಲ, ಮೊಟ್ಟೆ ಆಗಿದೆ. ನೋಡು ಬೇಕಾದ್ರೆ."

ನೋಡಿದೆ. ಕಣ್ಣಿಗೆ ಕಾಣಲಿಲ್ಲ. ಎರಡು ಬೆರಳ ನಡುವೆ ಉರುಳಿಸಿದೆ. ತಿಳಿಯಿತು. ಉಬ್ಬು, ತಗ್ಗು, ಉಬ್ಬು, ತಗ್ಗು. ನಾಲ್ಕೂ ಮೊಟ್ಟೆ.

ಹಾಗಾದರೆ ನನ್ನ ಕೈ ತಪ್ಪು ಮಾಡಿಲ್ಲ. ಕೈ ಸರಿಯಾಗಿಯೇ ಮಾಡಿತ್ತು. ಮರ ಹಸಿ, ಅಷ್ಟೇ.

ಅಮ್ಮ ಫೋನ್ ತೆಗೆದುಕೊಂಡು, "ಏನಮ್ಮಾ, ಏನೋ ಹೇಳ್ಬೇಕಿತ್ತಂತೆ?" ಅಂದಳು. ಏನೂ ಇಲ್ಲ, ಆಮೇಲೆ ಮಾಡ್ತೀನಿ ಅಂದೆ.

ಅಕ್ಟೋಬರ್ ೧೩, ಸೋಮವಾರ

ಹಾಸ್ಟೆಲ್‌ಗೆ ಕರೆಂಟಿನ ಬೆಲ್ ಬಂದಿದೆ. ಕಿವಿ ಹರಿದುಹೋಗುವಂಥ ಸದ್ದು. ಮರದ ಸುತ್ತಿಗೆ ವಾರ್ಡನ್ ರೂಮಿನ ಮೊಳೆಗೆ ನೇತುಬಿದ್ದಿದೆ. ಬಾಗಿಲಿನಿಂದ ಕಾಣುತ್ತದೆ. ಅದರ ತಲೆ ಗುಂಡಗೆ, ಕಪ್ಪಗೆ, ಎಷ್ಟು ಬ್ಯಾಚಿನ ನಿದ್ದೆ ಕೆಡಿಸಿದೆಯೋ. ಆ ಮರ ಒಣಗಿರುವಷ್ಟು ಇನ್ಯಾವುದೂ ಒಣಗಿರಲು ಸಾಧ್ಯವಿಲ್ಲ.

ಇಡೀ ದಿನ ಯೋಚಿಸಿದೆ. ಸಂಜೆ ಹೋದೆ. ಮೇಡಂ ಹಾಜರಿ ಹಾಕುತ್ತಿದ್ದರು.

"ಏನು?"

"ಆ ಸುತ್ತಿಗೆ ಬೇಕು ಮೇಡಂ. ನನ್ನ ಶೂ ಬಾಕ್ಸೂ ಬೇಕು."

ಪೆನ್ನು ಕೆಳಗಿಟ್ಟರು. "ಇನ್ನೇನು ಬೇಕು? ನನ್ನ ಕುರ್ಚಿ?"

"ಅದು ಪ್ಲಾಸ್ಟಿಕ್ಕು ಮೇಡಂ, ಆಗಲ್ಲ."

ಆಣೆ ಮಾಡಿ ಹೇಳುತ್ತೇನೆ, ಇದು ಜೋಕ್ ಆಗಿರಲಿಲ್ಲ. ನಾನು ನಿಜವಾಗಿಯೂ ಕುರ್ಚಿಯನ್ನು ನೋಡಿ ಉತ್ತರ ಕೊಟ್ಟೆ. ಮೇಡಂ ಮುಖ ಕೆಂಪಗಾಯಿತು.

"ರೂಲು ಓದಿಸಿದ್ದೆ, ನೆನಪಿದ್ಯಾ?"

"ಇದೆ ಮೇಡಂ. ರೂಮಿನಲ್ಲಿ ಅಂತ ಇದೆ. ವರಾಂಡದಲ್ಲಿ ಅಂತ ಇಲ್ಲ. ನಿಮ್ಮ ವರಾಂಡದಲ್ಲೇ ಕೂತು ಮಾಡ್ತೀನಿ, ಎದ್ದು ಹೋಗುವಾಗ ಬಾಕ್ಸ್ ನಿಮ್ಮ ಟೇಬಲ್ ಮೇಲೆ ಇಡ್ತೀನಿ."

"ಬಾಯಿ ಬಹಳ ಆಯ್ತು. ಮೊದಲು ಸಾರಿ ಹೇಳು."

"ಯಾಕೆ ಮೇಡಂ?"

ನನಗೆ ತಿಳಿಯಲಿಲ್ಲ, ಅದಕ್ಕೇ ಕೇಳಿದೆ. ಮೇಡಂ ಹಾಜರಿ ಪುಸ್ತಕ ಮುಚ್ಚಿದರು. ಎದ್ದು ಸುತ್ತಿಗೆ ತೆಗೆದು ಟೇಬಲ್ ಮೇಲೆ ದಪ್ ಅಂತ ಇಟ್ಟರು. "ನನ್ನ ಕಣ್ಣೆದುರು ಕೂತ್ಕೋಬೇಕು. ಒಂದು ಹನಿ ರಕ್ತ ಕಂಡ್ರೂ ಎಲ್ಲಾ ಕಸಕ್ಕೆ."

ಅಕ್ಟೋಬರ್ ೧೯, ಭಾನುವಾರ

ಈ ಸುತ್ತಿಗೆಗೆ ನನ್ನ ಮೇಲೆ ಹಳೆಯ ದ್ವೇಷ ಇರಬೇಕು. ಬ್ಲೇಡ್ ಕಚ್ಚುವುದೇ ಇಲ್ಲ, ಜಾರುತ್ತದೆ. ಗರಗಸದಲ್ಲಿ ಒಂದು ಸೀಳು ತೆಗೆಯಲು ಮೂರು ಸಂಜೆ. ಬೇಲಿ ಗಿಡ ಬೆಣ್ಣೆಯಾಗಿತ್ತು, ಇದು ಮೂಳೆ. ಆದರೆ ಮೂಳೆ ಮಾತು ತಪ್ಪುವುದಿಲ್ಲ. ಇವತ್ತು ಉಜ್ಜಿಟ್ಟ ಮೈ ನಾಳೆಯೂ ಹಾಗೇ ಇರುತ್ತದೆ. ಬೆರಳಲ್ಲಿ ಉರುಳಿಸಿ ನೋಡುತ್ತೇನೆ, ಪ್ರತಿದಿನ.

ಮೇಡಂ ಹಾಜರಿ ಹಾಕುತ್ತಲೇ ಕಣ್ಣಂಚಿನಲ್ಲಿ ನೋಡುತ್ತಾರೆ. "ಆ ಕಡೆ ಜಾಸ್ತಿ ತೆಗೆದೆ."

"ಇಲ್ಲ ಮೇಡಂ, ಅದು ನೆರಳು."

"ನನಗೆ ಹೇಳ್ಕೊಡ್ತೀಯಾ? ಇಪ್ಪತ್ತು ವರ್ಷ ಅದನ್ನ ಹಿಡಿದವಳು ನಾನು."

ನೋಡಿದೆ. ಜಾಸ್ತಿಯೇ ತೆಗೆದಿದ್ದೆ. ಹೇಳಲಿಲ್ಲ.

ಮೆಸ್ಸಿಗೆ ಹೋಗುವವರೆಲ್ಲ ಈ ವರಾಂಡ ದಾಟಿಯೇ ಹೋಗಬೇಕು. "ಟರ್ರ್," ಎಂದಳು ಒಬ್ಬಳು. ಸುದ್ದಿ ಇಲ್ಲಿಗೂ ಬಂದಿದೆ.

"ಅದು ಬೇಲಿ ಗಿಡದ ಸದ್ದು," ಅಂದೆ, "ಇದು ಬೇರೆ. ಎಂಟನೇ ತಾರೀಖು ಬಂದು ಕೇಳು." ಅವಳು ನಿಂತುಬಿಟ್ಟಳು. ನಾನು ಕೆಲಸ ಮುಂದುವರಿಸಿದೆ.

ಅಕ್ಟೋಬರ್ ೨೬, ಭಾನುವಾರ

ಎರಡು ಮುಗಿದವು. ಮೂರನೆಯದಕ್ಕೆ ತೂತಿನ ಜಾಗ ಗುರುತು ಮಾಡಬೇಕಿತ್ತು, ಪೆನ್ಸಿಲ್ ಗೆರೆ ಈ ಕಪ್ಪು ಮರದ ಮೇಲೆ ಕಾಣುವುದೇ ಇಲ್ಲ. ಚಾಕ್‌ಪೀಸ್ ಸವರಿ ಅದರ ಮೇಲೆ ಹೆಬ್ಬೆರಳ ಉಗುರಿನಿಂದ ಗೀರು ಎಳೆದೆ. ಚೆನ್ನಾಗಿ ಬಿತ್ತು.

ರೇಡಿಯೋ ತನ್ನ ನೇಲ್ ಫೈಲ್ ವಾಪಸ್ ಕೇಳಿದಳು. ಅದರಲ್ಲಿ ಈಗ ಹಲ್ಲೇ ಉಳಿದಿಲ್ಲ. ಹೊಸದು ಕೊಡಿಸ್ತೀನಿ, ಇದು ಬೇಕು ಅಂದೆ. "ಏನೇ ಇದು ದಬ್ಬಾಳಿಕೆ," ಅಂದು ಪಕ್ಕದಲ್ಲೇ ಕೂತು ನನ್ನ ತಟ್ಟೆಯಿಂದ ತಿಂದಳು. ಊಟವನ್ನು ವರಾಂಡಕ್ಕೇ ತಂದುಕೊಟ್ಟಿದ್ದು ಅವಳೇ, ಪಾಪ.

ನನ್ನ ಬಟ್ಟೆಯಿಂದ ಮರದ ಚೂರುಗಳು ರೂಮಿನಲ್ಲೆಲ್ಲ ಬೀಳುತ್ತವೆಂದು ಅವಳದ್ದೊಂದು ಕಂಪ್ಲೇಂಟ್. ಬಟ್ಟೆಯೆಲ್ಲ ಯಾವಾಗಲೋ ಕಪಾಟು ಸೇರಿ ಮಂಚದ ಕೆಳಗೆ ಬ್ಯಾಗ್ ಖಾಲಿ ಇತ್ತಲ್ಲ, ಎಲ್ಲವನ್ನೂ ಅದಕ್ಕೆ ತುಂಬಿದೆ.

ನವೆಂಬರ್ ೫, ಬುಧವಾರ

ಕೆಟ್ಟ ಸುದ್ದಿ. ಸುತ್ತಿಗೆ ತಲೆಯ ಉಳಿದ ಭಾಗವನ್ನು ಸೀಳಿದೆ. ಒಳಗೆ ಉದ್ದಕ್ಕೂ ಬಿರುಕು. ಇಷ್ಟು ವರ್ಷ ಬಾರಿಸಿಕೊಂಡು ಒಳಗೊಳಗೇ ಒಡೆದಿತ್ತು, ಹೊರಗೆ ತೋರಿಸಿಕೊಂಡಿರಲಿಲ್ಲ. ಕೈಗೆ ಬಂದದ್ದು ಸೌದೆ ಚಕ್ಕೆ. ಹಿಡಿಗೆ ಹುಳು ಹಿಡಿದಿದೆ. ಮೂರೇ ಬಿರಡೆ.

ನಾಲ್ಕನೆಯದಕ್ಕೆ ಮೊಟ್ಟೆ ಬಿರಡೆಗಳಲ್ಲೇ ಒಂದನ್ನು ತೆಗೆದುಕೊಂಡೆ. ಈಗ ಅದು ಪೂರ್ತಿ ಒಣಗಿದೆ. ಮತ್ತೆ ಉಜ್ಜಿ ದುಂಡಗೆ ಮಾಡಿದೆ. ದುಂಡಗಾಯಿತು, ಆದರೆ ಸಣ್ಣದಾಯಿತು. ತುಂಬಾ ಒಳಗೆ ಹೋಗಿ ಕೂರುತ್ತದೆ, ಹಿಡಿಯಲು ತಲೆಯೇ ಸಾಲದು. ಚಾಕ್‌ಪೀಸ್ ಪುಡಿ ಸವರಿ, ಒತ್ತಿ ಹಿಡಿದು ತಿರುಗಿಸಿದರೆ ನಿಲ್ಲುತ್ತದೆ. ಐದು ಸಲಕ್ಕೆ ಮೂರು ಸಲ.

"ಉಳಿದ ಎರಡು ಸಲ?" ಮೇಡಂ ಕೇಳಿದರು.

"ಆರನೇ ಸಲ ತಿರುಗಿಸ್ತೀನಿ."

ನವೆಂಬರ್ ೮, ಶನಿವಾರ

ಇವತ್ತು ಎಲ್ಲ ಬರೆಯಬೇಕು.

ಮ್ಯೂಸಿಕ್ ರೂಮಿನ ಕಿಟಕಿಯ ಕೆಳಗೇ ಗುಜರಿ ಗಾಡಿ ನಿಂತಿತ್ತು. ಮುರಿದ ಕುರ್ಚಿಗಳನ್ನು ಎಸೆಯುವ ಸದ್ದು. ನಾನು ಪೆಟ್ಟಿಗೆ ಹಿಡಿದು ಒಳಗೆ ಹೋದೆ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು.

"ಒಬ್ಬ ಹುಡುಗ ಕ್ಲಾಸು ಬಿಟ್ಟ. ಅವನ ಪಿಟೀಲು ಇಲ್ಲಿದೆ, ತಗೋ. ನೀನು ನುಡಿಸ್ತೀಯ ಅಂತ ನನಗೆ ಗೊತ್ತು, ಬೆರಳು ನೋಡಿದ್ರೆ ತಿಳಿಯುತ್ತೆ. ಸುಮ್ಮನೆ ರಿಸ್ಕ್ ಯಾಕೆ?"

ಒಳ್ಳೆಯ ಪಿಟೀಲು. ಹೊಳೆಯುವ ಕಪ್ಪು ಬಿರಡೆ, ನಾಲ್ಕೂ ಅವಳಿ-ಜವಳಿ ಹಾಗೆ. ಸೆಪ್ಟೆಂಬರಿನಲ್ಲಿ ಇದನ್ನೇ ಕೊಟ್ಟಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

"ಇದು ಸರ್?" ನನ್ನ ಪೆಟ್ಟಿಗೆ ಎತ್ತಿ ತೋರಿಸಿದೆ.

"ಗಾಡಿಗೆ. ಎರಡು ಇಟ್ಕೊಂಡು ಏನು ಮಾಡ್ತೀಯ?"

"ಹಾಗಾದ್ರೆ ಅದು ಬೇಡ ಸರ್. ಇದರಲ್ಲೇ ನುಡಿಸ್ತೀನಿ."

"ಹಠನಾ?"

"ಹೌದು ಸರ್."

ಸ್ಟೂಲು ಟಕ್ ಅಂದಿತು. "ಮಧ್ಯದಲ್ಲಿ ತಂತಿ ಬಿಚ್ಚಿಕೊಂಡ್ರೆ ಟೆಸ್ಟು ಅಲ್ಲಿಗೆ ಮುಗೀತು. ಇನ್ನೊಂದು ಚಾನ್ಸ್ ಅಂತ ಅಳಬಾರದು."

ನನ್ನ ಸರದಿ ಕೊನೆಗೆ. ಬಾಗಿಲಲ್ಲಿ ರೇಡಿಯೋ, ಅವಳ ಹಿಂದೆ ಆ 'ಟರ್ರ್' ಹುಡುಗಿ. ಅವರ ಹಿಂದೆ ವಾರ್ಡನ್ ಮೇಡಂ, ಬೇರೆ ಏನೋ ಕೆಲಸಕ್ಕೆ ಬಂದವರ ಹಾಗೆ ಗೋಡೆ ನೋಡುತ್ತಾ. ಸುತ್ತಿಗೆಯ ಮೂರು ಬಿರಡೆ ತಿರುಗಿಸಿದೆ. ಒಂದೊಂದೂ ಹೇಳಿದಲ್ಲಿ ನಿಂತಿತು. ನಾಲ್ಕನೆಯದು. ಒತ್ತಿದೆ, ತಿರುಗಿಸಿದೆ, ಕೈ ಬಿಟ್ಟೆ.

ಟರ್ರ್.

ಯಾರೋ ಕಿಸಕ್ಕೆಂದರು. ಮತ್ತೆ ತಿರುಗಿಸಿದೆ. ಮತ್ತೆ ಟರ್ರ್. ಕೆಳಗೆ ಗಾಡಿಯವನು ಹಾರ್ನ್ ಹೊಡೆದ.

"ನೋಡಮ್ಮ," ಅಂದರು ಮೇಷ್ಟ್ರು, ಮೆತ್ತಗೆ, ಸಿಟ್ಟಿಲ್ಲದೆ, "ಎಲ್ಲರೂ ಕಾಯ್ತಿದ್ದಾರೆ."

"ಕಾಯಲಿ ಸರ್."

ಬಿರಡೆಯನ್ನು ಪೂರ್ತಿ ಹೊರಗೆ ಎಳೆದೆ. ಜೇಬಿನಿಂದ ಚಾಕ್‌ಪೀಸ್ ತೆಗೆದೆ. ಸುತ್ತಲೂ ಸವರಿ, ತೂತಿನಲ್ಲಿ ಒಮ್ಮೆ ತಿರುಗಿಸಿ ತೆಗೆದೆ. ಒಂದು ಕಡೆ ಹೊಳಪು ಕಂಡಿತು, ಉಬ್ಬು ಅಲ್ಲಿ. ನೇಲ್ ಫೈಲಿನಿಂದ ಒಂದು ಎಳೆತ, ಇನ್ನೊಂದು ಎಳೆತ. ಊದಿದೆ. ಬೆರಳಲ್ಲಿ ಉರುಳಿಸಿ ನೋಡಿದೆ. ನಾನು ಸುಮ್ಮನೆ ಬಗ್ಗಿ ಕೂತಿದ್ದರಿಂದ ಮೇಷ್ಟ್ರ ಸ್ಟೂಲಿನ ಕಾಲು ಕಣ್ಣಿಗೆ ನೇರ ಬಿತ್ತು. ಎರಡು ಕಾಲಿನ ನಡುವಿನ ಅಡ್ಡಪಟ್ಟಿ ಕಡು ಕಪ್ಪು ಮರ, ಎಳೆ ಎಳೆ ಒತ್ತಾಗಿದೆ. ಮತ್ತೆ ಬಿರಡೆ ಕೂರಿಸಿದೆ. ತಂತಿ ಸುತ್ತಿದೆ. ಒತ್ತಿದೆ, ತಿರುಗಿಸಿದೆ. ಸ್ವರ ಏರಿತು, ಏರಿತು. ಕೈ ಬಿಟ್ಟೆ.

ನಿಂತಿತು.

ನುಡಿಸಿದೆ. ಚೆನ್ನಾಗಿ ನುಡಿಸಿದೆನಾ? ಎರಡು ಕಡೆ ಬೆರಳು ತಪ್ಪಿತು. ಆದರೆ ಕೊನೆಯವರೆಗೂ ನುಡಿಸಿದೆ, ಕೊನೆಯ ಸ್ವರವೂ ತನ್ನ ಜಾಗದಲ್ಲೇ ಇತ್ತು.

ಮೇಷ್ಟ್ರು ಎದ್ದು ಬಂದು ಪಿಟೀಲನ್ನು ತೆಗೆದುಕೊಂಡರು. ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ನಾಲ್ಕನೇದು ಬಹಳ ಕೆಟ್ಟದಾಗಿದೆ."

"ಗೊತ್ತು ಸರ್."

"ಈ ಮೂರು ಯಾವ ಮರ?"

"ಹಾಸ್ಟೆಲ್ ಬೆಲ್ ಹೊಡೆಯುವ ಸುತ್ತಿಗೆ."

ಅವರು ನನ್ನನ್ನು ನೋಡಿದರು, ಬಾಗಿಲಲ್ಲಿದ್ದ ಮೇಡಂ ಅನ್ನು ನೋಡಿದರು. ಮೇಡಂ ಮತ್ತೆ ಗೋಡೆ ನೋಡಿದರು. ಮೇಷ್ಟ್ರು ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿ, "ಏಯ್, ಕುರ್ಚಿ ಅಷ್ಟೇ! ಪೆಟ್ಟಿಗೆ ಇಲ್ಲ, ಹೊರಡು!" ಎಂದು ಕೂಗಿದರು.

ಆ 'ಅಷ್ಟೇ' ಕೇಳಲು ಹಿತವಾಗಿತ್ತು.

ನವೆಂಬರ್ ೯, ಭಾನುವಾರ

ಬೆಳಿಗ್ಗೆ ರೇಡಿಯೋ ಅಲುಗಾಡಿಸಿ ಎಬ್ಬಿಸಿದಳು. ಬೆಲ್ ಎರಡು ಸಲ ಹೊಡೆಯಿತಂತೆ, ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಸುಳ್ಳು. ನಾನು ಗೊರಕೆ ಹೊಡೆಯುವುದಿಲ್ಲ. ಕರೆಂಟಿನ ಬೆಲ್ ಕೆಟ್ಟಿರಬೇಕು.

ಅಮ್ಮನಿಗೆ ಫೋನ್ ಮಾಡಲು ಮರೆತಿದ್ದೆ, ಅವಳೇ ಮಾಡಿದಳು. ಟೆಸ್ಟಿನ ವಿಷಯ ಹೇಳಿದೆ. "ಅದಿರಲಿ, ಹೊಟ್ಟೆ ಹೇಗಿದೆ?" ಅಂದಳು. "ಯಾವ ಹೊಟ್ಟೆ?" ಅಂದೆ. ನಾಲ್ಕನೇ ಬಿರಡೆಯ ಬಗ್ಗೆ ಯೋಚಿಸುತ್ತಿದ್ದೆ, ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಅದು ಹಾಗೇ ಇದ್ದರೆ ಇನ್ನು ಹೆಚ್ಚು ದಿನ ಹಿಡಿಯಲಾರದು. ಒಣ ಮರ ಬೇಕು, ಒತ್ತಾದ ಎಳೆಯದ್ದು, ಕನಿಷ್ಠ ಗೇಣುದ್ದ. ಮೇಷ್ಟ್ರ ಸ್ಟೂಲು ಹೇಗಿದ್ದರೂ ಕುಂಟು. ಅಡ್ಡಪಟ್ಟಿ ತೆಗೆದರೆ ಇನ್ನೇನು ಕೆಡುತ್ತದೆ? ಮಂಗಳವಾರ ಅವರು ಕೂರುವುದಕ್ಕೆ ಮುಂಚೆ ಕೇಳುತ್ತೇನೆ.